ಲಾಕ್‌ಡೌನ್‌ದಾಗ ಬಿದ್ದು ಹೋದ ಹಿರಿಯರು ಯಾವ ಲೆಕ್ಕದಾಗ ಬಂದ್ರು?

ಗುಮ್ಮಟನೆರಳು, ವಿಜಯಪುರ

ಎಲ್ಲರಿಗೂ ನಮಸ್ಕಾರ್ರಿ. ಬಾಳ ದಿನದಿಂದ ಮನಸಿನ್ಯಾಗ ಇಟ್ಕೊಂಡಿದ್ದು, ಇವತ್ತ ಬರದೇಬಿಡ್ತೀನಿ.

ನಮ್ಮವ್ವ ತೀರಿಕೊಂಡಿದ್ದು 2021ರ ಜೂನ್‌ದಾಗ. ಆಕಿಗೆ 74. ಕೊರೊನಾ ಬಂದಿರಲಿಲ್ಲ, ಎರಡು ಸಲ ಟೆಸ್ಟ್ ಮಾಡಿಸಿದ್ವಿ, ಎರಡೂ ಸಲ ನೆಗೆಟಿವ್. ಮೇ ತಿಂಗಳ ಲಾಕ್‌ಡೌನ್‌ದಾಗ ಒಂದಿನ ನಸುಕಿನ್ಯಾಗ ಎದ್ದು ಬಚ್ಚಲಕ್ಕ ಹೋಗ್ಯಾಳ. ಬಚ್ಚಲದಾಗಿನ ಬಲ್ಬ್ ಸುಟ್ಟು ಐದು ದಿನಾ ಆಗಿತ್ತು. ಕರೆಂಟ್ ಸಾಮಾನಿನ ಅಂಗಡಿ ಬಂದ್. ಕಿರಾಣಿ ಅಂಗಡಿ ಮುಂಜಾನೆ 6ರಿಂದ 10ರ ತನಕ ತೆರೀತಿತ್ತು, ಅಲ್ಲಿ ಬಲ್ಬ್ ಸಿಗಲಿಲ್ಲ. ಪಡಸಾಲಿಯೊಳಗಿನ ಬಲ್ಬ್ ತಗದು ಅಲ್ಲಿ ಹಾಕೂಣು ಅಂತ ಅನಕೋತನ ಐದು ದಿನಾ ಕಳದ್ವಿ. ಅವ್ವಂದು ಎಡಗಣ್ಣಿನ ಮೋತಿಬಿಂದು ಆಪರೇಶನ್ ಆಗಿತ್ತು. ಬಲಗಣ್ಣಿಗೆ 2020ರ ಏಪ್ರಿಲ್‌ದಾಗ ತಾರೀಖ ಕೊಟ್ಟಿದ್ರು. ಮಾರ್ಚ್ 25ಕ್ಕ ಲಾಕ್‌ಡೌನ್ ಬಂತು, ಆಪರೇಶನ್ ಮುಂದ ಹೋತು, ಮತ್ತ ಮುಂದ ಹೋತು, ಆಗಲೇ ಇಲ್ಲ.

ತಂಬಗಿ ಬಿದ್ದ ಸಪ್ಪಳಕ್ಕ ನಾ ಎದ್ದೆ. ಹೋಗಿ ನೋಡಿದ್ರ ಗೋಡಿಗೆ ಆನಿಕೊಂಡು ಕುಂತಾಳ, ನಿರಿಗಿ ಸರಿ ಮಾಡ್ಕೊಳ್ಳಾಕ ಹತ್ಯಾಳ. "ಏನಾಗಿಲ್ಲ ಬಿಡ, ಜರಾ ಜಾರಿದೆ" ಅಂದ್ಲು. ಎಬ್ಬಿಸಿದ್ರ ಬಲಗಾಲ ಊರಾಕ ಬರವಲ್ದು. ಪಾದ ಹೊರಗಡೆ ಹೊಳ್ಳಿತ್ತು.

ಮೂರು ದವಾಖಾನಿ ತಿರುಗಿದ್ವಿ. ಒಂದರಾಗ ಬೆಡ್ ಎಲ್ಲಾ ಕೊರೊನಾಕ್ಕ ಕೊಟ್ಟಾರ. ಇನ್ನೊಂದರಾಗ ಟೆಸ್ಟ್ ರಿಪೋರ್ಟ್ ಬರೂತನಕ ಒಳಗ ಬಿಡಂಗಿಲ್ಲ ಅಂದ್ರು. ಮೂರನೇದರಾಗ ತಗೊಂಡ್ರು, ಆಪರೇಶನ್ ಆಗಿದ್ದು ಒಂಬತ್ತನೇ ದಿನಕ್ಕ. ಮನಿಗೆ ಬಂದ್ಲು, ಹಾಸಿಗಿ ಬಿಟ್ಟು ಏಳಲಿಲ್ಲ. ಬೆನ್ನಿಗೆ ಹುಣ್ಣಾದ್ವು, ಆಮ್ಯಾಲ ಎದಿಯೊಳಗ ಕಫ, ಜ್ವರ. ಮೂರು ವಾರದಾಗ ಹೋದ್ಲು.

ಆವಾಗ ದಿನಾ ಸಂಜಿಕೆ ಬುಲೆಟಿನ್ ಬರ್ತಿತ್ತಲ್ಲ, ಜಿಲ್ಲಾಕ್ಕ ಇಷ್ಟ ಸಾವು ಅಂತ. ಆ ಲೆಕ್ಕದಾಗ ಅವ್ವ ಇಲ್ಲ. ನಿಮ್ಮ ಮನಿಯಾಗೂ ಹಿಂಗ ಹೋದವರು ಅದಾರೇನು? ಇನ್ನೊಂದು ಮಾತ ಕೇಳೋದೈತಿ. ಅಪ್ಪಾರಿಗೆ ಈಗ 81. ಅವ್ವ ಬಿದ್ದಾಗಿಂದ ಹೊರಗ ಅಡ್ಡಾಡೋದು ಬಿಟ್ಟಾರ, "ನಾನೂ ಬಿದ್ರ ನಿನಗ ತ್ರಾಸ" ಅಂತಾರ. ಏನ್ ಮಾಡ್ಲಿ?

ನವನಗರ ಸೆಕ್ಟರ್

ಅಕ್ಕಾರ, ನಮ್ಮ ಕಾಕಾ ಹಿಂಗ ಹೋದ್ರು. ಬಾಗಲಕೋಟಿ ಹಳೇ ಊರು ಮುಳುಗಡಿಯಾದಾಗಿಂದ ನವನಗರದಾಗ ಇದ್ವಿ. ಕಾಕಾ ದಿನಾ ಮುಂಜಾನೆ ಎದ್ದು ಗಾರ್ಡನ್ ತನಕ ನಡದು, ಗೆಳ್ಯಾರ ಜೋಡಿ ಕಟ್ಟಿ ಮ್ಯಾಲ ಕುಂತು, ಹಾಲಿನ ಪಾಕೀಟ ತಗೊಂಡು ಬರಾವ್ರು. 2020ರಾಗ ಗೇಟ್ ದಾಟಾಕ ಬಿಡಲಿಲ್ಲ ನಾವು. ಮಾತ ಕೇಳಲಿಲ್ಲ ಅಂತ ಅವರ ಚಪ್ಪಲ ತಗದು ಅಟ್ಟದ ಮ್ಯಾಲ ಇಟ್ವಿ. ಎರಡೂವರೆ ತಿಂಗಳು ಮನುಷ್ಯಾ ಟಿವಿ ಮುಂದ ಕುರ್ಚಿ ಬಿಟ್ಟು ಏಳಲಿಲ್ಲ. ಚಪ್ಪಲ ತಿರುಗಿ ಕೊಟ್ಟ ದಿನಾನ ಗೇಟಿನ ಮುಂದಿನ ಮೂರು ಮೆಟ್ಟಲ ಇಳೀಲಾರದ ಬಿದ್ರು. ತಲಿಗೆ ಪೆಟ್ಟ. ಎಂಟು ದಿನ ಉಳದ್ರು.

ಆ ಚಪ್ಪಲ ಇವತ್ತಿಗೂ ನನಗ ಒಗಿಯಾಕ ಆಗಿಲ್ಲ.

ಗೋಕಾಕ ಕರದಂಟು

ನೋವು ತಿಳೀತೈತ್ರಿ ಇಬ್ಬರದೂ. ಆದ್ರ ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಬೀಳೋದು ಕೊರೊನಾಕ್ಕಿಂತ ಮೊದಲೂ ಇತ್ತು. ನಮ್ಮಜ್ಜಿ 1998ರಾಗ ಬಾವಿ ಕಟ್ಟಿ ಹಂತ್ಯಾಕ ಜಾರಿ ಬಿದ್ದು ಹೋದ್ಲು, ಆವಾಗ ಯಾವ ಲಾಕ್‌ಡೌನ್ ಇತ್ತು? ದೇಶದಾಗ ಕೊರೊನಾಕ್ಕ ಮೊದಲು ಸತ್ತವರು ನಮ್ಮ ಕಲಬುರಗಿಯ 76 ವರ್ಷದ ಹಿರ್ಯಾರು, 2020ರ ಮಾರ್ಚ್‌ದಾಗ. ಅದನ್ನ ನೋಡಿದ ಮ್ಯಾಲ ವಯಸ್ಸಾದವರನ್ನ ಮನ್ಯಾಗ ಇಡಲಾರದ ಊರಾಗ ಅಡ್ಡಾಡ್ರಿ ಅಂತ ಬಿಡಬೇಕಿತ್ತೇನು? ಚಪ್ಪಲ ಮುಚ್ಚಿಟ್ಟವರು ತಪ್ಪು ಮಾಡಿಲ್ಲ. ಅವರ ಜೀವಾ ಉಳಸಾಕ ಮಾಡ್ಯಾರ.

ಜಮಖಂಡಿ ಅಕ್ಕ

ಕರದಂಟು ಅಣ್ಣಾ, ಮನ್ಯಾಗ ಇಟ್ಟಿದ್ದು ತಪ್ಪು ಅಂತ ಯಾರೂ ಅನವಲ್ರು. ಮನ್ಯಾಗ ಇಟ್ಟು ಕುರ್ಚಿಗೆ ಕಟ್ಟಿ ಹಾಕಿದ್ವಿ, ಅದು ತಪ್ಪು. ಅಂಗಳದಾಗ ಹತ್ತು ಸುತ್ತು ಹಾಕಸಾಕ ಏನಾಗಿತ್ತು ನಮಗ? ನನಗೂ ಹೊಳೀಲಿಲ್ಲ, ನಾನೂ ಮಾಡಿಸಲಿಲ್ಲ.

ಎಲುಬುಕೀಲು, ಬೆಳಗಾವಿ

ನಾನು ಮೂಳೆ ವೈದ್ಯ. ಮೊದಲ ಪೋಸ್ಟಿನಲ್ಲಿ "ಪಾದ ಹೊರಗಡೆ ಹೊಳ್ಳಿತ್ತು" ಎಂದು ಬರೆದಿದ್ದೀರಲ್ಲ ಅಕ್ಕಾ, ಅಷ್ಟು ಓದಿದರೆ ಸಾಕು, ಟೊಂಕದ ಹತ್ತಿರ ತೊಡೆಮೂಳೆಯ ಮೇಲ್ಭಾಗ ಮುರಿದಿದೆ ಎಂದು ನಮಗೆ ಗೊತ್ತಾಗುತ್ತದೆ. ಕಾಲು ಸ್ವಲ್ಪ ಗಿಡ್ಡವಾಗಿಯೂ ಕಾಣುತ್ತದೆ. ಇಂಥ ಮುರಿತಕ್ಕೆ 48 ಗಂಟೆಯೊಳಗೆ ಆಪರೇಶನ್ ಮಾಡಿ ಮರುದಿನವೇ ಎಬ್ಬಿಸಿ ನಿಲ್ಲಿಸಬೇಕು ಎಂಬುದು ನಮ್ಮ ಗುರಿ. ಯಾಕೆಂದರೆ ಹಿರಿಯರು ಸಾಯುವುದು ಎಲುಬು ಮುರಿದದ್ದರಿಂದ ಅಲ್ಲ, ಮಲಗಿದ್ದರಿಂದ. ಬೆನ್ನಹುಣ್ಣು, ನ್ಯುಮೋನಿಯಾ, ಮೂತ್ರದ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಪುಪ್ಪುಸಕ್ಕೆ ಹೋಗುವುದು, ಇವೇ ಕೊಲ್ಲುವುದು. ಎಲ್ಲವೂ ಸರಿಯಿದ್ದ ಕಾಲದಲ್ಲೂ ಟೊಂಕ ಮುರಿದ ಹಿರಿಯರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ಹೋಗಿಬಿಡುತ್ತಾರೆ. ಇನ್ನು ಒಂಬತ್ತು ದಿನ ಕಾದವರ ಪಾಡು ಕೇಳುವುದೇ ಬೇಡ.

ಕರದಂಟು ಅವರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಬೀಳುವುದು ಹಳೆಯ ಪಿಡುಗು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಇದೇ ದೊಡ್ಡದು, ಹೆಚ್ಚಿನವರು 60 ದಾಟಿದವರು. ಆದರೆ ಆ ಎರಡು ವರ್ಷ ಮೂರು ಸಂಗತಿ ಒಟ್ಟಿಗೆ ಬಂದವು. ನಡಿಗೆ ನಿಂತು ಕಾಲಿನ ಕಸುವು ಹೋಯಿತು. ಕಣ್ಣು, ಬಿಪಿ, ಸಕ್ಕರೆ ಯಾವುದನ್ನೂ ತೋರಿಸಲಿಲ್ಲ. ಬಿದ್ದ ಮೇಲೆ ದವಾಖಾನೆ ತಲುಪುವುದು ತಡವಾಯಿತು. ಆರೋಗ್ಯವಂತ ಹಿರಿಯರನ್ನು ಬರೀ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ಅಳೆದು ನೋಡಿದಾಗ ಕಾಲಿನಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಹರೆಯದವರಿಗೆ ಅದು ಬೇಗ ತಿರುಗಿ ಬರುತ್ತದೆ, 75 ದಾಟಿದವರಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಹುಕ್ಕೇರಿ ಹೊಲ

ನಮ್ಮ ಹಳ್ಳ್ಯಾಗ ಯಾರೂ ಮನ್ಯಾಗ ಕುಂದ್ರಲಿಲ್ರಿ. ಮುದುಕ್ರು ದಿನಾ ಹೊಲಕ್ಕ ಹೋಗಿ ಬರ್ತಿದ್ರು, ಕಾಲು ಗಟ್ಟಿ ಇದ್ವು. ನಮ್ಮ ಕಡೆ ತ್ರಾಸ ಆಗಿದ್ದು ಬ್ಯಾರೇ. ನಮ್ಮ ಮುತ್ಯಾ ಮಳಿಗಾಲಕ್ಕ ಮುಂಚೆ ಮಾಳಗಿಗೆ ಮಣ್ಣ ಹಾಕಾಕ ನಿಚ್ಚಣಿಕಿ ಹತ್ತಿದ್ದ. ದುಡಿಯಾಕ ಹೋದ ಹುಡುಗ್ರು ಊರಿಗೆ ಬಂದಿರಲಿಲ್ಲ, ಆಳು ಸಿಗತಿದ್ದಿಲ್ಲ, ಅದಕ್ಕ ತಾನ ಹತ್ತಿದ. 78 ವಯಸ್ಸು. ಬಿದ್ದ. ಬಸ್ ಇಲ್ಲ, ಬಸ್ ಚಾಲೂ ಆಗಿದ್ದ 2020ರ ಮೇ 19ಕ್ಕ. ಟ್ರ್ಯಾಕ್ಟರ್‌ದಾಗ ಹಾಸಿಗಿ ಹಾಸಿ ಒಯ್ಯೂಣು ಅಂದ್ರ ನಾಕಾದಾಗ ಪೊಲೀಸ್ರು ಹೊಡೀತಾರ ಅಂತ ಎಲ್ಲಾರೂ ಹೆದರಿದ್ರು. ಬಾಜೂ ಊರಾಗ ಎಲುಬ ಕಟ್ಟಾವ್ರ ಹತ್ರ ಒಯ್ದು ಬಿದಿರ ಚಕ್ಕಿ ಇಟ್ಟು ಕಟ್ಟಿಸಿದ್ವಿ. ಆರು ವಾರ ಹೊರಸಿನ ಮ್ಯಾಲ ಮಲಗಿದ. ಶ್ರಾವಣ ನೋಡಲಿಲ್ಲ.

ಎಲುಬುಕೀಲು, ಬೆಳಗಾವಿ

ಟೊಂಕದ ಮುರಿತಕ್ಕೆ ನಾಟಿ ಕಟ್ಟು ಮಾತ್ರ ಬೇಡವೇ ಬೇಡ. ಕೈ ಮುಗಿದು ಹೇಳುತ್ತೇನೆ.

ಖಾನಾಪುರ ಮಳಿ

ಡಾಕ್ಟರ್ ಸಾಹೇಬ್ರ, ನಾಟಿ ಕಟ್ಟಿನ ಮ್ಯಾಲ ಎಲ್ಲಾ ಹಾಕಬ್ಯಾಡ್ರಿ. ನನ್ನ ಮುಂಗೈ ಮುರದಾಗ ಕಟ್ಟಿನಿಂದನ ಕೂಡೇತಿ. ಆ ಲಾಕ್‌ಡೌನ್‌ದಾಗ ನೀವು ಬಾಗಲಾ ಹಾಕಿದ್ರಿ, ಅವ್ರು ಬಾಗಲಾ ತೆರದಿದ್ರು. ಹಳ್ಳಿ ಮಂದಿ ಎಲ್ಲಿ ಹೋಗಬೇಕಿತ್ತು?

ಎಲುಬುಕೀಲು, ಬೆಳಗಾವಿ

ಮುಂಗೈ ಬೇರೆ, ಟೊಂಕ ಬೇರೆ. ಮುಂಗೈ ಕಟ್ಟಿಕೊಂಡು ನೀವು ಅಡ್ಡಾಡಿದಿರಿ. ಟೊಂಕ ಕಟ್ಟಿದರೆ ಮನುಷ್ಯ ಮಲಗಲೇಬೇಕು, ಮಲಗಿದರೆ ಏನಾಗುತ್ತದೆ ಎಂದು ಮೇಲೆ ಬರೆದಿದ್ದೇನೆ. ಬಾಗಿಲು ಹಾಕಿದ್ದೆವು ಎಂದಿರಿ, ಅದಕ್ಕೆ ಎದುರು ಮಾತಿಲ್ಲ. ಆಗ ಹೊರರೋಗಿ ವಿಭಾಗ ನಿಂತಿತ್ತು, ಅರಿವಳಿಕೆ ಕೊಡುವವರು ಐಸಿಯುನಲ್ಲಿದ್ದರು. ಒಳಗೆ ಬಂದವರನ್ನು ಉಳಿಸಲು ಓಡಾಡುತ್ತಿದ್ದಾಗ, ಹೊರಗೆ ಉಳಿದವರ ಮುಖ ನಮಗೆ ಕಾಣಲಿಲ್ಲ.

ಸಿಸ್ಟರ್ ಬೆಳಗಾವಿ

ನಾನು ಎರಡೂ ಅಲೆಯಲ್ಲಿ ಕೋವಿಡ್ ವಾರ್ಡಿನಲ್ಲಿ ಡ್ಯೂಟಿ ಮಾಡಿದ್ದೇನೆ. ಯಾರೂ ಹೇಳದ ಒಂದು ವಿಷಯ ಇದೆ. ವಯಸ್ಸಾದವರಿಗೆ ಎಷ್ಟೋ ಸಲ ಜ್ವರ, ಕೆಮ್ಮು ಬರುವುದೇ ಇಲ್ಲ. ಬೀಳುವುದೇ ಮೊದಲ ಲಕ್ಷಣ. ಮನೆಯವರು "ನಿನ್ನೆ ರಾತ್ರಿ ಬಿದ್ದರು, ಇವತ್ತು ಏನೇನೋ ಮಾತಾಡ್ತಾರೆ" ಎಂದು ಕರೆತರುತ್ತಿದ್ದರು. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 82, 84. ಆಕ್ಸಿಜನ್ ಕಡಿಮೆಯಾಗಿ ಮಂಕು ಬಡಿದು ಬಿದ್ದಿರುತ್ತಿದ್ದರು.

ವಾರ್ಡಿನ ಒಳಗೂ ಬೀಳುತ್ತಿದ್ದರು. ಜೊತೆಗೆ ಮನೆಯವರನ್ನು ಬಿಡುತ್ತಿರಲಿಲ್ಲವಲ್ಲ. ನಮಗೆ ಕಿಟ್ ಹಾಕಿಕೊಂಡು ಬರಲು ಹತ್ತು ನಿಮಿಷ. ಅಷ್ಟರಲ್ಲಿ ಅಜ್ಜ ಮಾಸ್ಕ್ ತೆಗೆದಿಟ್ಟು ಸಂಡಾಸಕ್ಕೆ ಹೊರಟಿರುತ್ತಿದ್ದರು. "ಕರೀಬೇಕಲ್ಲ ಅಜ್ಜಾರ" ಎಂದರೆ, "ನೀ ನನ್ನ ಮೊಮ್ಮಗಳಂಗ ಅದಿ ತಂಗಿ, ನಿನ್ನ ಮುಂದ ಹೆಂಗ ಹೇಳ್ಲಿ" ಎನ್ನುತ್ತಿದ್ದರು. ಬಿಳಿ ಕಿಟ್‌ನೊಳಗೆ ನಮ್ಮ ಮುಖವೂ ಅವರಿಗೆ ಕಾಣುತ್ತಿರಲಿಲ್ಲ.

ನವನಗರ ಸೆಕ್ಟರ್

ಸಿಸ್ಟರ್, ಹಂಗಾದ್ರ ಅವರು ಸತ್ತಿದ್ದು ಕೊರೊನಾದಿಂದೇನು, ಬಿದ್ದಿದ್ದರಿಂದೇನು? ಯಾವ ಲೆಕ್ಕಕ್ಕ ಬರಕೊಂಡ್ರು?

ನಿವೃತ್ತ ಗುಮಾಸ್ತ

ಇದಕ್ಕೆ ನಾನು ಹೇಳುತ್ತೇನೆ, ಜನನ ಮರಣ ನೋಂದಣಿ ಕೆಲಸವನ್ನು ವರ್ಷಗಟ್ಟಲೆ ಮಾಡಿದವನು. ದವಾಖಾನೆಯಲ್ಲಿ ತೀರಿಕೊಂಡರೆ ನಮೂನೆ 4, ಮನೆಯಲ್ಲಾದರೆ ನೋಡಿದ ವೈದ್ಯರು ಬರೆಯುವ ನಮೂನೆ 4ಎ. ಅದರಲ್ಲಿ ತಕ್ಷಣದ ಕಾರಣ ಮೇಲೆ, ಅದಕ್ಕೆ ಮೂಲವಾದದ್ದು ಕೆಳಗೆ ಬರೆಯಬೇಕು. ಗುಮ್ಮಟನೆರಳು ಅವರ ತಾಯಿಯವರದಾದರೆ ಮೇಲೆ ನ್ಯುಮೋನಿಯಾ, ಕೆಳಗೆ ತೊಡೆಮೂಳೆ ಮುರಿತ, ಅದರ ಕೆಳಗೆ ಬಚ್ಚಲಲ್ಲಿ ಬಿದ್ದದ್ದು. ಹೀಗೆ ಬರೆದರೆ ಮೂಲ ಕಾರಣ ಬೀಳುವಿಕೆ ಎಂದು ಲೆಕ್ಕಕ್ಕೆ ಬರುತ್ತದೆ. ನನ್ನ ಮೇಜಿಗೆ ಬರುತ್ತಿದ್ದವುಗಳಲ್ಲಿ ಹೆಚ್ಚಿನವು ಒಂದೇ ಸಾಲು: "ವಯೋಸಹಜ" ಅಥವಾ "ಹೃದಯ ನಿಂತು". ಹಳ್ಳಿಯಲ್ಲಿ ಮನೆಯಲ್ಲಾದ ಸಾವಿಗೆ ಆ ನಮೂನೆಯೇ ಇರುತ್ತಿರಲಿಲ್ಲ. ಬಿದ್ದು ಸತ್ತರು ಎಂದು ಬರೆಸಿದರೆ ಪೊಲೀಸರು, ಪಂಚನಾಮೆ, ಪೋಸ್ಟ್‌ಮಾರ್ಟಂ ಎಂಬ ಅಂಜಿಕೆ ಬೇರೆ. ಮನೆಯವರೇ "ಅದನ್ನ ಬರೀಬ್ಯಾಡ್ರಿ ಸರ್" ಎಂದು ಕೈ ಮುಗಿಯುತ್ತಿದ್ದರು.

ಕೋವಿಡ್ ಲೆಕ್ಕದ ಮಾತು. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾರ್ಗಸೂಚಿ ಕೊಟ್ಟವು. ಪಾಸಿಟಿವ್ ಬಂದ 30 ದಿನದೊಳಗೆ ಸತ್ತರೆ, ದವಾಖಾನೆಯ ಹೊರಗೆ ಸತ್ತರೂ, ಕೋವಿಡ್ ಸಾವು. ಆದರೆ ಅಪಘಾತದಿಂದ ಸತ್ತರೆ ಕೋವಿಡ್ ಇದ್ದರೂ ಅದು ಕೋವಿಡ್ ಸಾವಲ್ಲ. ಅಂದಮೇಲೆ ಕೋವಿಡ್‌ನಿಂದ ತ್ರಾಣ ಕಳೆದುಕೊಂಡು ಬಿದ್ದವರು ಎರಡೂ ಕಡೆ ಸಲ್ಲಲಿಲ್ಲ. ಕೋವಿಡ್ ಸಾವಿಗೆ ಕೊಡುತ್ತಿದ್ದ 50,000 ರೂಪಾಯಿ ಪರಿಹಾರವೂ ಸಿಗಲಿಲ್ಲ.

ಗುಮ್ಮಟನೆರಳು, ವಿಜಯಪುರ

ಗುಮಾಸ್ತ ಸರ್, ಈಗ ಅವ್ವನ ಸರ್ಟಿಫಿಕೇಟ್ ಜೋಡಿಗಿದ್ದ ಕಾಗದ ತಗದು ನೋಡಿದೆ. "ವಯೋಸಹಜ" ಅಂತ ಐತ್ರಿ. ನೀವು ಹೇಳಿದ್ದ ಶಬ್ದಾನ.

ರೊಕ್ಕದ ಸಂಬಂಧ ಅಲ್ರಿ ನಾ ಕೇಳಿದ್ದು. ವಯಸ್ಸಿನಿಂದ ಹೋಗಿಲ್ಲ ಆಕಿ. ಹಿಂದಿನ ದಿನ ಇಪ್ಪತ್ತು ರೊಟ್ಟಿ ಬಡದಿದ್ಲು.

ಮುಧೋಳ ಮಾಸ್ತರ

ಲೆಕ್ಕ ಇಟ್ಟ ದೇಶಗಳಲ್ಲಿ ಏನಾಯಿತು ನೋಡಬೇಕು. ಅಮೆರಿಕದಲ್ಲಿ 2021ರಲ್ಲಿ 65 ದಾಟಿದವರಲ್ಲಿ 38,742 ಜನ ಬಿದ್ದು ತೀರಿಕೊಂಡರು. ಸಾವಿನ ದರ ಲಕ್ಷಕ್ಕೆ 78. ಕೊರೊನಾ ಕಾಲದಲ್ಲಿ ಎಷ್ಟು ಏರಿತು ಎಂಬುದಕ್ಕೆ ಇದೇ ಸಾಕ್ಷಿ.

ಗೋಕಾಕ ಕರದಂಟು

ಮಾಸ್ತರ, ಅಲ್ಲೇ ತಪ್ಪೈತ್ರಿ. ಅದೇ ಲೆಕ್ಕದಾಗ 2012ಕ್ಕ ಲಕ್ಷಕ್ಕ 55.3 ಐತಿ. ಅಂದ್ರ ಹತ್ತು ವರ್ಷದಿಂದ ಏರಾಕ ಹತ್ತಿತ್ತು. ಬರೇ ಕೊರೊನಾದ ತಲಿ ಮ್ಯಾಲ ಹಾಕಾಕ ಬರಂಗಿಲ್ಲ.

ಮುಧೋಳ ಮಾಸ್ತರ

ಸರಿ, ಒಪ್ಪಿದೆ. ನಾನು ಅವಸರ ಮಾಡಿದೆ. ಆದರೆ ನಿಮ್ಮ ಮಾತಿನಲ್ಲೇ ಇನ್ನೊಂದು ಅರ್ಥ ಇದೆ ನೋಡಿ. ಅವರಿಗೆ 2012ರ ಲೆಕ್ಕವೂ ಗೊತ್ತು, 2021ರದೂ ಗೊತ್ತು, ಹಾಗಾಗಿ ಇಷ್ಟು ವಾದ ಮಾಡಬಹುದು. ನಮ್ಮ ಮೂರು ಜಿಲ್ಲೆಯ ಹಿರಿಯರ ಬಗ್ಗೆ ನೀವೂ ನಾನೂ ಏನು ಹಿಡಿದುಕೊಂಡು ವಾದ ಮಾಡೋಣ? "ವಯೋಸಹಜ" ಎಂಬ ಒಂದು ಶಬ್ದ ಹಿಡಿದುಕೊಂಡೇ?

ಗೋಕಾಕ ಕರದಂಟು

ಅದು ಖರೇ ಮಾತ್ರಿ. ಅದಕ್ಕ ಎದುರಾಡಂಗಿಲ್ಲ.

ಇಳಕಲ್ ಸೆರಗು

ಬಚ್ಚಲದ ಮಾತ ಯಾರೂ ಮುಂದುವರಿಸಲಿಲ್ಲ. ನಮ್ಮೂರ ಗ್ರಾನೈಟ್ ಮನಿಯೊಳಗ ಹಾಕಿಸಿದ್ರ ಕನ್ನಡಿ ಹಂಗ ಹೊಳಿತೈತಿ, ಅದನ್ನ ಬಚ್ಚಲಕ್ಕೂ ಹಾಕಸ್ತಾರ! ಬಚ್ಚಲಕ್ಕ ಪಾಲಿಶ್ ಮಾಡಿದ್ದು ಬ್ಯಾಡ್ರಿ, ಒರಟ ಕಲ್ಲ ಹಾಕಸ್ರಿ. ಹಳೇ ಮನಿ ಶಹಾಬಾದ ಫರ್ಸಿ ಒಣಗಿದ್ರ ಚಲೋ, ಪಾಚಿ ಹಿಡದ್ರ ಎಣ್ಣಿ ಹಚ್ಚಿದಂಗ.

ಅಥಣಿ ಚಪ್ಪಲ

ಚಪ್ಪಲದ್ದೂ ಹೇಳಬೇಕು. ನಮ್ಮ ಮಂದಿನ ಹೊಲಿಯೋದು, ಆದ್ರೂ ಹೇಳ್ತೀನಿ. ತೊಗಲಿನ ತಳ ಸವದ ಚಪ್ಪಲ ಹಾಕ್ಕೊಂಡು ಹಸಿ ಟೈಲ್ಸ್ ಮ್ಯಾಲ ಹಿರ್ಯಾರು ಅಡ್ಡಾಡಬಾರದು. ಹೊರಗ ಹೊಲಕ್ಕ, ಜಾತ್ರಿಗೆ ಹಾಕ್ಕೊಳ್ರಿ. ಮನ್ಯಾಗ ಹಿಂದ ಪಟ್ಟಿ ಇರೂ ರಬ್ಬರ್ ತಳದ್ದ ಇರಲಿ.

ಜಮಖಂಡಿ ಅಕ್ಕ

ಗುಳಿಗಿ ಬಗ್ಗೆನೂ ಬರೀತೀನಿ. ನಮ್ಮತ್ತಿ ಒಂದು ವರ್ಷ ಹಳೇ ಚೀಟಿ ತೋರ್ಸಿ ಅದೇ ಬಿಪಿ ಗುಳಿಗಿ ತರ್ಸಿ ತಗೊಂಡ್ರು. ಊಟ ಅರ್ಧ ಆಗಿತ್ತು, ತೂಕ ಇಳದಿತ್ತು, ಗುಳಿಗಿ ಮಾತ್ರ ಅಷ್ಟ. ಮ್ಯಾಲ ನಿದ್ದಿ ಬರವಲ್ದು ಅಂತ ನಿದ್ದಿ ಗುಳಿಗಿ. ರಾತ್ರಿ ಎದ್ದು ನಿಂತ ಕೂಡ್ಲೇ ಕಣ್ಣಿಗೆ ಕತ್ತಲಿ ಬರ್ತಿತ್ತು. ಎರಡು ಸಲ ಬಿದ್ರು, ದೇವ್ರ ದಯಾ, ಎಲುಬ ಮುರೀಲಿಲ್ಲ. ಆಮ್ಯಾಲ ಡಾಕ್ಟರ್ ಮಲಗಿಸಿ ಒಂದ ಸಲ, ನಿಲ್ಲಿಸಿ ಒಂದ ಸಲ ಬಿಪಿ ನೋಡಿದ್ರು. ನಿಂತಾಗ 30 ಇಳದಿತ್ತು. ಗುಳಿಗಿ ಕಡಿಮಿ ಮಾಡಿದ್ರು, ನಿದ್ದಿದು ಬಿಡಿಸಿದ್ರು. ಅವತ್ತಿಂದ ಬಿದ್ದಿಲ್ಲ.

ಎಲುಬುಕೀಲು, ಬೆಳಗಾವಿ

ಅಕ್ಕಾ ಬರೆದದ್ದನ್ನು ಎಲ್ಲರೂ ಇನ್ನೊಮ್ಮೆ ಓದಿ. ನಿಂತ ಮೂರು ನಿಮಿಷದಲ್ಲಿ ಮೇಲಿನ ಬಿಪಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದು ಬೀಳುವ ಲಕ್ಷಣ. ಗುಳಿಗೆಯನ್ನು ನೀವಾಗಿಯೇ ಬಿಡಬೇಡಿ, ವೈದ್ಯರನ್ನು ಕೇಳಿಯೇ ಬಿಡಿ.

ಫಿಸಿಯೋ ತಿಲಕವಾಡಿ

ಗುಮ್ಮಟನೆರಳು ಅಕ್ಕಾ, ನಿಮ್ಮ ಎರಡನೇ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಅಪ್ಪಾರಿಗೆ ಬಿದ್ದೇನು ಎಂಬ ಅಂಜಿಕೆ ಇದೆಯಲ್ಲ, ಆ ಅಂಜಿಕೆಯೇ ಬೀಳಿಸುತ್ತದೆ. ಅಂಜಿ ಕುಳಿತುಕೊಳ್ಳುತ್ತಾರೆ, ಕುಳಿತರೆ ಕಾಲು ಸೋಲುತ್ತದೆ, ಸೋತ ಕಾಲು ಎಡವುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಹಚ್ಚಿ ಇಡಿ. ಎರಡೂ ಕೈ ಎದೆಯ ಮೇಲೆ. 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂಡುತ್ತಾರೆ ಎಣಿಸಿ, ನೀವು ಮಗ್ಗುಲಲ್ಲೇ ನಿಂತಿರಿ. 80ರಿಂದ 84 ವಯಸ್ಸಿನ ಗಂಡಸರು ಹತ್ತಕ್ಕಿಂತ ಕಡಿಮೆ ಮಾಡಿದರೆ ಕಾಲಿಗೆ ಬಲ ಬೇಕು ಎಂದರ್ಥ. ಆಮೇಲೆ ಅದನ್ನೇ ದಿನಾ ವ್ಯಾಯಾಮ ಮಾಡಿಸಿ. ಮೊದಲ ವಾರ ಕೈ ಊರಿದರೂ ಅಡ್ಡಿಯಿಲ್ಲ. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂದರ ಮುಂದೆ ಒಂದು ಹೆಜ್ಜೆ ಇಟ್ಟು ನಡೆಯುವುದು. ರಾತ್ರಿ ಎದ್ದಾಗ ಹೊರಸಿನ ಅಂಚಿಗೆ ಒಂದು ನಿಮಿಷ ಕುಳಿತು, ಕಾಲು ಆಡಿಸಿ, ಆಮೇಲೆ ನಿಲ್ಲಬೇಕು.

ಹುಕ್ಕೇರಿ ಹೊಲ

ಕೋಲ ಹಿಡೀಲೇನ್ರಿ? ನಮ್ಮಪ್ಪ ಕೋಲ ಅಂದ್ರ ಸಿಟ್ಟಿಗೇಳ್ತಾನ.

ಫಿಸಿಯೋ ತಿಲಕವಾಡಿ

ಹಿಡೀಲಿ. ಆದರೆ ಅಳತೆ ಸರಿ ಇರಬೇಕು. ಚಪ್ಪಲ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಎತ್ತರಕ್ಕೆ ಕೋಲಿನ ಹಿಡಿಕೆ ಬರಬೇಕು. ತುದಿಗೆ ರಬ್ಬರ್ ಬೂಚು ಇರಲಿ. ನೋಯುವ ಕಾಲಿನ ಕಡೆಯ ಕೈಯಲ್ಲಲ್ಲ, ಅದರ ಎದುರಿನ ಕೈಯಲ್ಲಿ. ಸಿಟ್ಟಿಗೆ ಬಂದರೆ, ಅವರ ಗೆಳೆಯರು ಯಾರಾದರೂ ಕೋಲು ಹಿಡಿಯುವವರಿದ್ದರೆ ಅವರನ್ನೇ ಮನೆಗೆ ಕರೆಸಿ. ಮಕ್ಕಳ ಮಾತಿಗಿಂತ ಅವರ ಮಾತು ನಾಟುತ್ತದೆ.

ಸಿಸ್ಟರ್ ಬೆಳಗಾವಿ

ಇನ್ನೊಂದು, ಬಚ್ಚಲದ ಚಿಲಕ ಒಳಗಿನಿಂದ ಹಾಕಬೇಡಿ ಎಂದು ಹೇಳಿ. ಬಿದ್ದವರು ಬಾಗಿಲು ತೆಗೆಯಲಾರದೆ ತಾಸುಗಟ್ಟಲೆ ನೆಲದ ಮೇಲೆ ಇದ್ದದ್ದನ್ನು ನೋಡಿದ್ದೇನೆ. ಒಬ್ಬರೇ ಇರುವವರ ಮೊಬೈಲ್‌ನಲ್ಲಿ 108ರ ಜೊತೆ ಹಿರಿಯ ನಾಗರಿಕರ ಸಹಾಯವಾಣಿ 14567 ಕೂಡ ಇರಲಿ.

ಗುಮ್ಮಟನೆರಳು, ವಿಜಯಪುರ

ಎಲ್ಲಾರಿಗೂ ದೊಡ್ಡ ಉಪಕಾರ್ರಿ. ನಿನ್ನೆ ಸಂಜಿಕೆ ಅಪ್ಪಾರನ್ನ ಕುರ್ಚಿ ಮ್ಯಾಲ ಕುಂದ್ರಿಸಿ ಎಣಿಸಿದೆ. ಆರು ಸಲ ಆತು. ಏಳನೇದಕ್ಕ ಎದ್ದಾವ್ರು ನನ್ನ ಭುಜಾ ಹಿಡ್ಕೊಂಡು ನಿಂತ್ರು, "ನಿಮ್ಮವ್ವಗ ಇದನ್ನ ಯಾರೂ ಹೇಳಲಿಲ್ಲ ನೋಡ" ಅಂದ್ರು. ಇವತ್ತ ಮುಂಜಾನೆ ಕರೀದ ತಾವ ಕುರ್ಚಿ ಎಳಕೊಂಡು ಗೋಡಿಗೆ ಹಚ್ಚಿದ್ರು.

ಬಚ್ಚಲಕ್ಕ ಹಿಡಿಕಿ ಹಾಕಸಾಕ ನಾಳೆ ಗೌಂಡಿ ಬರ್ತಾನ. ಎಷ್ಟ ಎತ್ತರಕ್ಕ ಹಾಕಂತ ಹೇಳ್ಲಿ?

ಫಿಸಿಯೋ ತಿಲಕವಾಡಿ

ನೆಲದಿಂದ 33ರಿಂದ 36 ಇಂಚಿನ ನಡುವೆ, ಅಪ್ಪಾರ ಕೈ ಎಲ್ಲಿಗೆ ಸಹಜವಾಗಿ ಬರುತ್ತದೋ ಅಲ್ಲಿ. ಟವೆಲ್ ಹಾಕುವ ಸಳಿ ನಡೆಯುವುದಿಲ್ಲ, ಮೈಭಾರ ಬಿದ್ದರೆ ಕಿತ್ತು ಬರುತ್ತದೆ. ಸ್ಟೀಲಿನ ಗಟ್ಟಿ ಹಿಡಿಕೆ ತಂದು, ಗೋಡೆಯೊಳಗೆ ಆಳವಾಗಿ ಬೋಲ್ಟ್ ಹಾಕಿಸಿ. ಹಾಕಿದ ಮೇಲೆ ಮೊದಲು ನೀವು ಜೋತುಬಿದ್ದು ನೋಡಿ, ಆಮೇಲೆ ಅವರು.

ಗುಮ್ಮಟನೆರಳು, ವಿಜಯಪುರ

ಗೋಡಿ ಹಂತ್ಯಾಕ ನಿಲ್ಲಿಸಿ ಸೀಸಕಡ್ಡಿಲೆ ಗೆರಿ ಹೊಡದೆ. 34 ಇಂಚ ಬಂತು. ಬಲ್ಬ್ ಎರಡು ತಂದಿಟ್ಟೀನಿ.